ಸ್ಪ್ರಿಂಗ್ ಹಾಕುವ ಮುಹೂರ್ತ

ಫೆಬ್ರವರಿ 4, ಭಾನುವಾರ, ಸಂಜೆ

ಮತ್ತೆ ಕೊನೆಯಿಂದ ಎರಡನೆಯವಳು. ಕೊನೆಯವರ ಕಾರು ಸ್ಟಾರ್ಟೇ ಆಗಲಿಲ್ಲ, ತಳ್ಳಿಸಿಕೊಂಡು ಮನೆಗೆ ಹೋದರು. ಅವರನ್ನು ಬಿಟ್ಟರೆ ನಾನೇ ಕೊನೆ.

ಮೂರು ರನ್. ಮೂರರಲ್ಲೂ ಅದೇ ಜಾಗ, ಅದೇ ಕಥೆ. ಹಳೆಯ ಗೋದಾಮಿನ ಹಿಂದಿನ ಡಾಂಬರು ಬಯಲು, ಕಿತ್ತಳೆ ಬಣ್ಣದ ಕೋನುಗಳ ದಾರಿ, ಒಂದು ಸಲಕ್ಕೆ ಒಂದೇ ಕಾರು. ಎದುರಾಳಿ ಅಂದರೆ ಗಡಿಯಾರ ಮಾತ್ರ. ಎಡಕ್ಕೆ ದೊಡ್ಡ ತಿರುವು ಬಂತೋ, ನಾನು ಸ್ಟೀರಿಂಗ್ ತಿರುಗಿಸುತ್ತೇನೆ, ಕಾರಿನ ಮೂತಿ ತಿರುಗುವುದಿಲ್ಲ. ಮೊಂಡು ಎತ್ತಿನ ಹಾಗೆ ನೆಟ್ಟಗೆ ನಡೆಯುತ್ತದೆ. "ತಿರುಗೋ!" ಅಂತ ಗರ್ಜಿಸಿದೆ. ಹೆಲ್ಮೆಟ್ಟಿನೊಳಗೆ ನನ್ನ ದನಿ ನನಗೇ ಬಡಿದು ಕಿವಿ ಗುಂಯ್ ಅಂದಿತು. ಎರಡು ಕೋನು ಆಹುತಿ. ಒಂದು ಬಂಪರಿನಡಿ ಸಿಕ್ಕಿಕೊಂಡು ಫಿನಿಶ್ ಲೈನಿನ ತನಕ ಜೊತೆಗೇ ಬಂತು. ಚಪ್ಪಾಳೆಯೋ ಚಪ್ಪಾಳೆ! ಅಪ್ಪನ ನಾಟಕ ಕಂಪನಿಯಲ್ಲಿ ಹುಟ್ಟಿ ಬೆಳೆದವಳು ನಾನು. ಯಾವುದು ಮೆಚ್ಚಿ ಹೊಡೆದ ಚಪ್ಪಾಳೆ, ಯಾವುದು ಸಾಕು ಒಳಗೆ ಹೋಗು ಅಂತ ಹೊಡೆದದ್ದು, ಕಣ್ಣು ಮುಚ್ಚಿ ಹೇಳಬಲ್ಲೆ.

ಆಮೇಲೆ ನಮ್ಮ ಕಾರು ಕ್ಲಬ್ಬಿನ ಹಲ್ಲಿನ ಡಾಕ್ಟ್ರ ಆಗಮನ. ನೆಲಕ್ಕಂಟಿದ ಕಾರು, ಅಗಲ ಟಯರು, ಗುಡುಗುವ ಸೈಲೆನ್ಸರು... ಬಿಡಿಭಾಗ ಬದಲಾಯಿಸಿದ ಕಾರುಗಳ ಮಾಡಿಫೈಡ್ ಕ್ಲಾಸಿನ ಚಕ್ರವರ್ತಿಗಳು.

"ಅನೌನ್ಸರಮ್ಮಾ, ನಿಮ್ಮದೇನೂ ತಪ್ಪಿಲ್ಲ. ಕಾರಿಂದೇ ತಪ್ಪು. ಗಟ್ಟಿ ಸ್ಪ್ರಿಂಗ್ ಹಾಕಿಸಿ. ಅಲ್ಲಾಡೋ ಹಲ್ಲಿಟ್ಕೊಂಡು ಕಬ್ಬು ಕಚ್ಚೋಕಾಗುತ್ತಾ ಹೇಳಿ?"

ನಿಮ್ಮದೇನೂ ತಪ್ಪಿಲ್ಲ! ಆಹಾ. ಎರಡು ಸೀಸನ್‌ನಿಂದ ಯಾರಾದರೊಬ್ಬರು ಹೇಳಲಿ ಅಂತ ಕಾದಿದ್ದ ಮಾತು.

ಐವತ್ತೆರಡರ ಹೆಂಗಸಿಗೆ ಇದೆಲ್ಲ ಬೇಕಿತ್ತಾ ಅಂತ ಒಳಗೊಬ್ಬ ಪ್ರಾಂಪ್ಟರ್ ಕೂತು ಪಿಸುಗುಟ್ಟುತ್ತಲೇ ಇದ್ದಾನೆ. ಅವನ ಬಾಯಿ ಮುಚ್ಚಿಸಬೇಕು. ಮಾರ್ಚ್ 17ಕ್ಕೆ ಈ ಸೀಸನ್ನಿನ ಕೊನೆಯ ಸ್ಪರ್ಧೆ. ಅಷ್ಟರೊಳಗೆ ಗೊತ್ತಾಗಬೇಕು, ಕೊರತೆ ಕಾರಿನದೋ ನನ್ನದೋ. ಕಾರಿನದಾದರೆ ಬದಲಾಯಿಸುತ್ತೇನೆ. ನನ್ನದಾದರೆ ಹೆಲ್ಮೆಟ್ ಯಾರಿಗಾದರೂ ಕೊಟ್ಟು, ತರಕಾರಿ ತರುವುದಕ್ಕಷ್ಟೇ ಕಾರು ಓಡಿಸುತ್ತೇನೆ. ಇದು ಶಪಥ. ಬರೆದಾಯಿತು.

ಫೆಬ್ರವರಿ 6, ಮಂಗಳವಾರ

ಬೆಳಗಿನ ಪಾಳಿ. ಬಸ್ ನಿಲ್ದಾಣದ ಗಾಜಿನ ಗೂಡು, ಮೈಕು, ನಾನು. ಆರನೇ ಪ್ಲಾಟ್‌ಫಾರ್ಮಿನ ಬಸ್ಸು ಹೊರಡುತ್ತದೆ ಅನ್ನುವುದನ್ನು ಸೇನೆ ಯುದ್ಧಕ್ಕೆ ಹೊರಟಂತೆ ಸಾರಿದೆ. ಓಡೋಡಿ ಹತ್ತಿದವರಲ್ಲಿ ಇಬ್ಬರು ಆ ಬಸ್ಸಿನವರೇ ಅಲ್ಲವಂತೆ, ದನಿ ಕೇಳಿ ಗಾಬರಿಯಲ್ಲಿ ಹತ್ತಿಬಿಟ್ಟರಂತೆ. ಕಂಟ್ರೋಲರ್ ಬಂದು "ಮೇಡಂ, ಸ್ವಲ್ಪ ತಗ್ಗಿಸಿ" ಅಂದರು. ತಗ್ಗಿಸಿದೆ. ಸ್ವಲ್ಪ.

ಟೀ ಬಿಡುವಿನಲ್ಲಿ ಫೋನಿನಲ್ಲೇ ಆರ್ಡರ್ ಮಾಡಿದೆ. ಸ್ಪ್ರಿಂಗ್ ಸೆಟ್. ಕೆಂಪು ಬಣ್ಣದ್ದು. ಹಾಕಿದ ಮೇಲೆ ಯಾರಿಗೂ ಕಾಣುವುದಿಲ್ಲ, ಆದರೂ ಕೆಂಪೇ.

ರಾತ್ರಿ ಊಟಕ್ಕೆ ಕೂತಾಗ ಘೋಷಣೆ. "ಎಲ್ಲರೂ ಕೇಳಿಸ್ಕೊಳ್ಳಿ! ಕಾರಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸ್ತಿದ್ದೀನಿ!"

ಇವರ ಕೈಯಲ್ಲಿನ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಕನ್ನಡಕದಂಗಡಿ ಇಟ್ಟವರು. ಊರವರ ಕಣ್ಣೆಲ್ಲ ನೋಡುತ್ತಾರೆ, ಇಂಥ ಹೊತ್ತಿನಲ್ಲಿ ನನ್ನ ಕಣ್ಣು ಮಾತ್ರ ನೋಡುವುದಿಲ್ಲ.

"ಗಟ್ಟಿ ಅಂದ್ರೆ... ಎಷ್ಟು ಗಟ್ಟಿ?"

"ಕಲ್ಲು!"

"ಅಮ್ಮನ ಸೊಂಟ ಕಣೇ. ಶನಿವಾರ ಶನಿವಾರ ಫಿಸಿಯೋಥೆರಪಿಗೆ ಅದೇ ಕಾರಲ್ಲಿ ತಾನೇ ಹೋಗೋದು?"

ಅತ್ತೆಯ ಕಡೆ ನೋಡಿದೆ. ಅತ್ತೆ ತಟ್ಟೆ ನೋಡಿಕೊಂಡು, "ನನ್ನನ್ಯಾಕಪ್ಪಾ ಎಳೀತೀರಾ? ನಾನು ಹಿಂದಿನ ಸೀಟು" ಅಂದರು.

ಅಂಕ ಒಂದು ಮುಗಿಯಿತು. ತೀರ್ಮಾನ ಏನೂ ಆಗಲಿಲ್ಲ.

ಫೆಬ್ರವರಿ 10, ಶನಿವಾರ

ಡಬ್ಬ ಬಂತು. ಎಂಥ ಭಾರ! ಡೆಲಿವರಿಯವರು "ಏನ್ ಮೇಡಂ, ಕಲ್ಲು ತರಿಸಿದ್ದೀರಾ?" ಅಂದರು. ಇವರು ಮುಖ ತಿರುಗಿಸಿದರು. ಸದ್ಯ ಮಂಚದಡಿ ಇಟ್ಟಿದ್ದೇನೆ.

ಗ್ಯಾರೇಜಿನ ಮೆಕ್ಯಾನಿಕ್‌ಗೆ ಫೋನ್. "ಯಾವಾಗ ಬೇಕಾದ್ರೂ ತನ್ನಿ ಅಕ್ಕ, ಅರ್ಧ ದಿನದ ಕೆಲ್ಸ" ಅಂದ. ಆದರೆ ಮನೆಯಲ್ಲಿ ಒಮ್ಮತವಿಲ್ಲದೆ ಹೇಗೆ? ಕಾರು ಮನೆಗೆಲ್ಲ ಒಂದೇ.

ಇವರು ಅತ್ತೆಯನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿ ಬಂದರು. ಇಳಿದಾಗ ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಇರುವ ಮೆತ್ತನೆ ಸ್ಪ್ರಿಂಗಿನಲ್ಲೇ ಹೀಗೆ... ಗಟ್ಟಿ ಹಾಕಿದರೆ? ಡಬ್ಬವನ್ನು ಇನ್ನೂ ಸ್ವಲ್ಪ ಒಳಕ್ಕೆ ತಳ್ಳಿದೆ.

ಫೆಬ್ರವರಿ 18, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮೇಷ್ಟ್ರು ಅಂದರೆ ನಮ್ಮ ಕ್ಲಬ್ಬಿನ ಹಿರಿಯರು. ಒಂದು ಕಾಲದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸಿದವರು, ಅರ್ಧ ಊರಿಗೆ ಕ್ಲಚ್ ಬಿಡಲು ಕಲಿಸಿದವರು. ಕ್ಲಬ್ಬಿನಲ್ಲಿ ಅವರದೊಂದು ಪದ್ಧತಿ. ಯಾರೇ ಕಾರು ಬದಲಾಯಿಸುವ ಮಾತೆತ್ತಲಿ, ಮೊದಲು ಕೀ ಅವರ ಕೈಗೆ ಕೊಡಬೇಕು. ಅದೇ ಕಾರು, ಅದೇ ದಾರಿ, ಒಂದು ರನ್ ಅವರದು.

"ಸ್ಪ್ರಿಂಗ್ ತರಿಸಿದೀಯಂತೆ? ಡಾಕ್ಟ್ರು ಹೇಳಿದ್ರು. ಕೊಡಮ್ಮ ಕೀ."

ಕೊಟ್ಟೆ. ಹೆಮ್ಮೆಯಿಂದಲೇ ಕೊಟ್ಟೆ. ಹೋಗಲಿ, ಅನುಭವಿಸಲಿ, ಮೊಂಡು ಎತ್ತಿನ ಜೊತೆ ಗುದ್ದಾಡಿ ಬಂದು "ನಿನ್ನ ಕಷ್ಟ ಈಗ ಗೊತ್ತಾಯ್ತಮ್ಮ" ಅನ್ನಲಿ.

ಹೋದರು. ಹಾರಾಟವಿಲ್ಲ, ಚೀರಾಟವಿಲ್ಲ. ಮದುವೆ ಮನೆಗೆ ಹೊರಟವರ ಹಾಗೆ ಸಮಾಧಾನವಾಗಿ ಹೋದರು. ಬಂದರು. ಬೋರ್ಡು ನೋಡಿದೆ. ನನಗಿಂತ ಮೂರು ಸೆಕೆಂಡಿಗೂ ಹೆಚ್ಚು ಮುಂದೆ!

ಮೂರು ಸೆಕೆಂಡು! ಈ ಆಟದಲ್ಲಿ ಅದು ಒಂದು ಯುಗ. ಭೂಮಿ ಬಾಯಿ ಬಿಡಲಿ ಅಂದುಕೊಂಡೆ. ಗಟ್ಟಿ ಡಾಂಬರು, ಬಿಡಲಿಲ್ಲ.

"ನೋಡು ತಾಯಿ" ಅಂದರು ಮೇಷ್ಟ್ರು, "ನಿನ್ನ ಕಾರಲ್ಲಿ ಬೇರೆಯವರು ನಿನ್ನನ್ನ ಸೋಲಿಸ್ತಿರೋ ತನಕ ಕಾರಿಗೆ ಕೈ ಹಾಕ್ಬೇಡ. ಯಾರ ಕೈಲೂ ಸೋಲಿಸೋಕಾಗಲ್ಲ ಅಂದ ದಿನ, ಅವತ್ತು ಬಿಚ್ಚು. ಇನ್ನೊಂದು ವಿಷ್ಯ. ಸ್ಪ್ರಿಂಗ್ ಹಾಕಿದ ಕೂಡಲೇ ನೀನು ಸ್ಟಾಕ್ ಕ್ಲಾಸಲ್ಲಿ ಇರಲ್ಲ, ಅದು ಕಂಪನಿಯಿಂದ ಬಂದ ಹಾಗೇ ಇರೋ ಕಾರುಗಳಿಗೆ. ಡಾಕ್ಟ್ರ ಕ್ಲಾಸಿಗೆ ಹೋಗ್ತೀಯ. ಆ ರಾಕ್ಷಸರ ನಡುವೆ ನಿನ್ನದೊಂದು ಸಣ್ಣ ಕಾರು, ಕೆಂಪು ಸ್ಪ್ರಿಂಗು. ಆಯ್ತಾ?"

ಕೆಂಪು ಅಂತ ಯಾರು ಹೇಳಿದರು? ಈ ಡಾಕ್ಟ್ರ ಬಾಯಿಗೆ ಯಾರೂ ಕ್ಲಿಪ್ ಹಾಕಿಲ್ಲವಾ?

ತಲೆ ತಗ್ಗಿಸಿ ನಿಂತಿದ್ದೆ. ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. "ಆದ್ರೂ ಮೂತಿ ಜಾರ್ತಾ ಇದೆ. ನನಗೂ ಜಾರ್ತು. ಒಂದ್ನಿಮಿಷ" ಅಂದವರೇ ಜೇಬಿನಿಂದ ಸೀಮೆಸುಣ್ಣ ತೆಗೆದರು. ಮುಂದಿನ ಟಯರುಗಳಿಗೆ, ನೆಲ ಮುಟ್ಟುವ ಭಾಗದಿಂದ ಪಕ್ಕೆಯ ತನಕ, ಅಡ್ಡ ಗೆರೆ ಎಳೆದರು. ನಾಟಕದವರ ಮನೆಯವಳ ಕಾರಿಗೂ ಮೇಕಪ್ಪು!

"ಒಂದು ಸುತ್ತು ಹೋಗಿ ಬಾ."

ಬಂದೆ. ಬಗ್ಗಿ ತೋರಿಸಿದರು. ಗೆರೆ ಅಂಚಿನ ತನಕ ಮಾತ್ರ ಅಳಿಸಿರಬೇಕಿತ್ತಂತೆ. ಪಕ್ಕೆಯ ಮೇಲೂ ಅರ್ಧ ಅಳಿಸಿಹೋಗಿತ್ತು. ತಿರುವಿನಲ್ಲಿ ಟಯರು ಮಡಚಿಕೊಂಡು ಪಕ್ಕೆಯ ಮೇಲೆ ಹೊರಳುತ್ತಿದೆ ಅಂತ ಅರ್ಥ.

"ಗಾಳಿ ಕಮ್ಮಿ. ತುಂಬ ಕಮ್ಮಿ. ಬೆಳಿಗ್ಗೆ ನೋಡ್ಲಿಲ್ವಾ?"

"ಗುರುವಾರ ತುಂಬಿಸಿದ್ದೀನಿ ಮೇಷ್ಟ್ರೇ. ಪ್ರತಿ ಗುರುವಾರ, ನಾನೇ ನಿಂತು."

"ಗುರುವಾರದ ಗಾಳಿ ಭಾನುವಾರಕ್ಕೆ ಎಲ್ಲಿಗೆ ಹೋಯ್ತು?"

ನಾಲ್ಕೂ ಟಯರಿನಲ್ಲಿ ಹದವಾಗಿ, ಸಮನಾಗಿ ಗಾಳಿ ಕಮ್ಮಿ. ಪಂಕ್ಚರ್ ಆದರೆ ಒಂದಕ್ಕಾಗಬೇಕು. ನಾಲ್ಕಕ್ಕೂ ಒಟ್ಟಿಗೆ ಆಗುವುದು ಹೇಗೆ? ಇದು ದೈವದ ಆಟವಲ್ಲ, ಯಾವನೋ ಖಳನಾಯಕನ ಕೈವಾಡ! ಎರಡೂ ಕೈ ಚಾಚಿ, ಬಯಲಿನ ನಡುವೆ ನಿಂತು ಕೂಗಿಯೇ ಬಿಟ್ಟೆ. ಕೋನು ಎತ್ತಿಡುತ್ತಿದ್ದವರು ತಿರುಗಿ ನೋಡಿದರು.

ಫೆಬ್ರವರಿ 20

ಅನುಮಾನ ಒಂದು: ಹಲ್ಲಿನ ಡಾಕ್ಟ್ರು. ಕಾರಣವಿಲ್ಲ, ಅವರ ಕ್ಲಾಸೇ ಬೇರೆ. ಅನುಮಾನ ಎರಡು: ಬಂಕಿನ ಮೀಟರು. ನಾಳೆ ಬೇರೆ ಬಂಕಿನಲ್ಲಿ ನೋಡಬೇಕು... ಇವರನ್ನು ಕೇಳಿದೆ. "ಗಾಳಿ ತಾನೇ, ಹೋಗ್ತಿರುತ್ತೆ" ಅಂದರು. ಕನ್ನಡಕದ ಗ್ಲಾಸು ಒರೆಸುತ್ತಾ ಕೂತರು. ಅದಾಗಲೇ ಫಳಫಳ ಹೊಳೆಯುತ್ತಿದ್ದ ಗ್ಲಾಸು.

ಫೆಬ್ರವರಿ 23, ಶುಕ್ರವಾರ, ಸಂಜೆ

ಸಿಕ್ಕಿಬಿದ್ದ! ಖಳನಾಯಕ ಸಿಕ್ಕಿಬಿದ್ದ!

ಕಾರಿನಲ್ಲಿ ಮರೆತ ನೀರಿನ ಬಾಟಲಿ ತರಲು ಕೆಳಗಿನ ಪಾರ್ಕಿಂಗಿಗೆ ಇಳಿದೆ. ಸ್ಸ್ಸ್... ಅಂತ ಸದ್ದು. ಹಾವು ಅಂದುಕೊಂಡು ಕಂಬದ ಹಿಂದೆ ಸರಿದೆ. ಇಣುಕಿದರೆ ಹಿಂದಿನ ಟಯರಿನ ಮುಂದೆ ಕುಕ್ಕರಗಾಲಲ್ಲಿ ಕೂತ ಒಂದು ಆಕೃತಿ. ಕೈಯಲ್ಲಿ ಬೆಂಕಿಕಡ್ಡಿ, ಅದರ ತುದಿ ಟಯರಿನ ವಾಲ್ವಿನೊಳಗೆ. ಬಾಯಲ್ಲಿ ಮೆಲ್ಲಗೆ ಎಣಿಕೆ.

ರಂಗದ ಮಧ್ಯಕ್ಕೆ ನಡೆದು ನಿಂತೆ. "ಯಾರಲ್ಲಿ!"

ಬೆಚ್ಚಿ ಹಿಂದಕ್ಕೆ ಬಿದ್ದರು. ಇವರೇ! ನನ್ನ ಕೈಹಿಡಿದ ಗಂಡ!

"ರೀ! ಏನ್ರೀ ಮಾಡ್ತಿದ್ದೀರಾ?"

"ಏನಿಲ್ಲ... ಗಾಳಿ ನೋಡ್ತಿದ್ದೆ."

"ಗಾಳೀನ ಕಣ್ಣಲ್ಲಿ ನೋಡೋಕೆ ಆಗುತ್ತೇನ್ರೀ? ಕನ್ನಡಕದವರಲ್ವಾ ನೀವು? ಯಾವ ನಂಬರಿನ ಗ್ಲಾಸಲ್ಲಿ ಕಾಣುತ್ತೆ ಅದು?"

ನೆಲದ ಮೇಲೇ ಕೂತು ಬಾಯಿ ಬಿಟ್ಟರು. ಎರಡು ವರ್ಷದ ಹಿಂದೆ ಅತ್ತೆಯ ಸೊಂಟ ಹಿಡಿದಂದಿನಿಂದ ಪ್ರತಿ ಶುಕ್ರವಾರ ಇದೇ ಕೆಲಸವಂತೆ. ಗಾಳಿ ಕಮ್ಮಿಯಿದ್ದರೆ ಕಾರು ಮೆತ್ತಗೆ ಹೋಗುತ್ತದೆ, ಶನಿವಾರ ಅಮ್ಮನಿಗೆ ಕುಲುಕಾಟ ಇರುವುದಿಲ್ಲ ಅಂತ. "ನೀನು ಗುರುವಾರ ತುಂಬಿಸ್ತಿದ್ದೆ, ನಾನು ಶುಕ್ರವಾರ ಬಿಡ್ತಿದ್ದೆ. ನಿನಗೆ ಹೇಳಿದ್ರೆ ಅಮ್ಮನ ಕಡೆ ಅಂತೀಯ. ಹೇಳ್ದೇ ಇದ್ರೆ... ನೀನು ಸೋತು ಬಂದಾಗೆಲ್ಲ ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ ಕಣೇ."

ಕೈ ಹಿಡಿದೆಳೆದು ಮೇಲಕ್ಕೆ ಕರೆತಂದು ಅತ್ತೆಯ ಮುಂದೆ ನಿಲ್ಲಿಸಿದೆ. ಅಪರಾಧ ವಾಚಿಸಿದೆ. ಪೂರ್ತಿ ಏರುದನಿಯಲ್ಲಿ.

ಅತ್ತೆ ಕೇಳಿದರು. ಆಮೇಲೆ ಹಣೆ ಚಚ್ಚಿಕೊಂಡರು.

"ಅಯ್ಯೋ ಪೆದ್ದೇ! ಮೆತ್ತಗೆ ಹೋಗುತ್ತಾ ಅದು? ದೋಣಿ ಥರ ತೂಗಾಡುತ್ತೆ! ಆ ಕಡೆ ಒಲೀತು, ಈ ಕಡೆ ಒಲೀತು, ಇಳಿಯೋ ಹೊತ್ತಿಗೆ ಹೊಟ್ಟೆಯೆಲ್ಲ ತೊಳಸಿ ಬರುತ್ತೆ!"

"ಮತ್ತೆ ಯಾಕಮ್ಮಾ ಹೇಳ್ಲಿಲ್ಲ?"

"ಇವಳು ಓಡ್ಸಿ ಓಡ್ಸಿ ಕಾರನ್ನ ಲಡ್ಡು ಹಿಡಿಸಿದಾಳೆ ಅಂದ್ಕೊಂಡಿದ್ದೆ. ಹೇಳಿದ್ರೆ ಪಾಪ ನೊಂದ್ಕೋತಾಳೆ, ಆ ಕೋನು ಆಟಾನೂ ಬಿಟ್ಬಿಡ್ತಾಳೆ ಅಂತ ಸುಮ್ಮನಿದ್ದೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ಅತ್ತೆಗೆ ನಗು ಬಂತು. ಆಮೇಲೆ ಇವರಿಗೆ. ಆಮೇಲೆ ನನಗೆ... ನನ್ನ ನಗು ಕೇಳಿ ಮೇಲಿನ ಮನೆಯವರು ಬಾಗಿಲು ತಟ್ಟಿ "ಎಲ್ಲಾ ಕ್ಷೇಮಾನಾ?" ಅಂತ ಕೇಳಿದರು.

ಮಲಗುವ ಮುಂಚೆ ಅತ್ತೆ ಒಂದು ಮಾತು ಸೇರಿಸಿದರು. "ನೀನು ಆ ಗಟ್ಟಿ ಸ್ಪ್ರಿಂಗೂ ಹಾಕ್ಕೋಮ್ಮ. ತೂಗಾಡೋದು ತಪ್ಪಿದ್ರೆ ನನಗೆ ಅಷ್ಟೇ ಸಾಕು."

ಒಮ್ಮತ! ಇನ್ನು ಅಡ್ಡಿಯಿಲ್ಲ. ಅಡ್ಡಿ ಇಲ್ಲವೆಂದ ಮೇಲೆ... ಯಾಕೋ ಖುಷಿ ಅರ್ಧವೇ ಆಯಿತು. ಇಷ್ಟು ದಿನ ಅತ್ತೆಯ ಸೊಂಟ ಅಂತ ಒಂದು ನೆಪವಿತ್ತು. ಈಗ ತೀರ್ಮಾನ ನನ್ನೊಬ್ಬಳ ತಲೆಗೇ ಬಂತು.

ಮಾರ್ಚ್ 3, ಭಾನುವಾರ

ಬೆಳಿಗ್ಗೆ ಹೊರಡುವ ಮುಂಚೆ ಗಾಳಿ ನೋಡಿದ್ದು ಇವರೇ. ಮೀಟರಿಗೆ ಕಣ್ಣು ಹಚ್ಚಿ, ಪ್ರಾಯಶ್ಚಿತ್ತದ ಹಾಗೆ.

ಮೊದಲ ರನ್. ಎಡ ತಿರುವು. ಹಳೆಯ ಅಭ್ಯಾಸದಂತೆ ಮೊಂಡು ಎತ್ತನ್ನು ಎಳೆಯುವ ಹಾಗೆ ಸ್ಟೀರಿಂಗ್ ಎಳೆದೆ. ಎತ್ತು ಸತ್ತು ಜಿಂಕೆ ಹುಟ್ಟಿತ್ತು! ಗರ್ರನೆ ತಿರುಗಿ, ಬಂದ ದಾರಿಯತ್ತಲೇ ಮುಖ ಮಾಡಿ ನಿಂತಿತು. ಎದುರಿಗೆ ಮೇಷ್ಟ್ರು, ಕೈ ಕಟ್ಟಿ. "ನಮಸ್ಕಾರ" ಅಂದರು.

ಎರಡನೆಯದರಲ್ಲಿ ಮೆಲ್ಲಗೆ. ಮೂರನೆಯದರಲ್ಲಿ ಅವರ ಮಾತು ಕೇಳಿದೆ. ಮೂಗಿನೆದುರಿನ ಕೋನು ನೋಡಬೇಡ, ಅದರ ಮುಂದಿನದನ್ನು ನೋಡು. ನೋಡಿದೆ. ಕೈ ತಾನಾಗಿ ಹೋಯಿತು. ಕೂಗಲೂ ಇಲ್ಲ.

ಕ್ಲಾಸಿನ ನಟ್ಟ ನಡುವೆ ನಿಂತೆ! ಕೆಳಗೆ ಎಷ್ಟು ಜನವೋ ಮೇಲೆಯೂ ಅಷ್ಟೇ ಜನ.

ಡಾಕ್ಟ್ರು ಬಂದು ಕಿವಿಯಲ್ಲಿ, "ಬರೀ ಗಾಳಿಗೇ ಇಷ್ಟಾದ್ರೆ ಸ್ಪ್ರಿಂಗಿಗೆ ಎಷ್ಟಾಗಬಹುದು, ಯೋಚ್ನೆ ಮಾಡಿ."

ಯೋಚಿಸುತ್ತಿದ್ದೇನೆ. ಅದೇ ತೊಂದರೆ.

ಮಾರ್ಚ್ 13, ಬುಧವಾರ

ರಜೆ ಹಾಕಿದೆ. ಮಂಚದಡಿಯಿಂದ ಡಬ್ಬ ಹೊರಗೆ. ಗ್ಯಾರೇಜಿಗೆ. ಹೌದು, ಹೋದೆ. ಹತ್ತು ದಿನ ಒದ್ದಾಡಿ ಕೊನೆಗೆ ಆಸೆಯೇ ಗೆದ್ದಿತು.

ಕಾರು ಲಿಫ್ಟಿನ ಮೇಲೆ ಏರಿತು. ಅದರ ಹೊಟ್ಟೆ ನೋಡಿದ್ದು ಇದೇ ಮೊದಲು. ಕೆಸರು, ಗೀರು, ಒಂದು ಕಡೆ ಅಂಟಿಕೊಂಡ ಕಿತ್ತಳೆ ಬಣ್ಣ, ಯಾವುದೋ ಸತ್ತ ಕೋನಿನದು. ಮೆಕ್ಯಾನಿಕ್ ಮುಂದಿನ ಚಕ್ರ ಬಿಚ್ಚಿ, ಸ್ಪ್ಯಾನರ್ ಹಿಡಿದು ಕೇಳಿದ.

"ಅಕ್ಕ, ಈಗಿರೋ ಸ್ಪ್ರಿಂಗಲ್ಲಿ ಏನ್ ತೊಂದ್ರೆ ಬರ್ತಿದೆ?"

ಬಾಯಿ ತೆರೆದೆ. ಮಾತು ಬರಲಿಲ್ಲ. ನನಗೆ! ಹುಟ್ಟಿದಾಗಿನಿಂದ ಸಂಭಾಷಣೆ ಮರೆತವಳಲ್ಲ.

ಏನು ತೊಂದರೆ? ಮೂತಿ ಜಾರುತ್ತಿತ್ತು, ಅದು ಗಾಳಿ. ಗರ್ರನೆ ತಿರುಗಿತು, ಅದು ನಾನು. ಮೂರನೇ ರನ್ನಿನಲ್ಲಿ... ತೊಂದರೆಯೇ ಇರಲಿಲ್ಲ. ಸರಿಯಾದ ಗಾಳಿಯಲ್ಲಿ ಈ ಕಾರನ್ನು ನಾನು ಒಂದೇ ಒಂದು ಭಾನುವಾರ ಓಡಿಸಿದ್ದೇನೆ. ಪಾತ್ರದ ಮೊದಲ ಸಾಲು ಈಗಷ್ಟೇ ಬಾಯಿಗೆ ಬಂದಿದೆ, ಅಷ್ಟರಲ್ಲೇ ವೇಷ ಬದಲಾಯಿಸು ಅನ್ನುತ್ತಿದ್ದೇನೆ.

"ಚಕ್ರ ವಾಪಸ್ ಹಾಕಪ್ಪ."

"ಆಂ?"

"ಇಳಿಸು ಅಂದೆ! ಕಾರನ್ನ ಇಳಿಸು!"

ಪಕ್ಕದ ಕಾರಿನಡಿ ಮಲಗಿದ್ದವರೊಬ್ಬರು ತಲೆ ಜಜ್ಜಿಕೊಂಡರು. ಪಾಪ. ಕ್ಷಮೆ ಕೇಳಿದೆ, ಸಣ್ಣ ದನಿಯಲ್ಲಿ.

ಮನೆಗೆ ಬಂದಾಗ ಇವರು, "ಹಾಕಿಸಿದ್ಯಾ?" ಇಲ್ಲ ಅಂದೆ. "ಅಮ್ಮನಿಗೋಸ್ಕರನಾ?" ಅಲ್ಲ ಅಂದೆ. "ಮತ್ತೆ?" ಹೇಳಲು ಹೋದೆ, ಉದ್ದವಾಗುತ್ತದೆ ಅನ್ನಿಸಿತು. "ಇನ್ನೂ ಹೊತ್ತು ಬಂದಿಲ್ಲ ಕಣ್ರೀ" ಅಂದೆ. ಅವರು ಎರಡು ಸಲ ನನ್ನ ಮುಖ ನೋಡಿದರು. ಇಷ್ಟು ಚಿಕ್ಕ ಉತ್ತರ ಮದುವೆಯಾದ ಮೇಲೆ ಕೇಳಿದ್ದು ಇದೇ ಮೊದಲಿರಬೇಕು.

ಮಾರ್ಚ್ 17, ಭಾನುವಾರ, ಬೆಳಿಗ್ಗೆ 10

ಬಯಲಿನಲ್ಲೇ ಕೂತು ಬರೆಯುತ್ತಿದ್ದೇನೆ. ಬಾನೆಟ್ಟೇ ಮೇಜು. ಇವರೂ ಬಂದಿದ್ದಾರೆ, ಅತ್ತೆಯೂ. ಅತ್ತೆಗೆ ಮಡಚುವ ಕುರ್ಚಿ, ಬೆನ್ನಿಗೆ ದಿಂಬು, ತಲೆಗೆ ನನ್ನ ಟೋಪಿ. ಬಂದವರಿಗೆಲ್ಲ "ನನ್ನ ಸೊಸೆ ಯಾವ ಕಾರು ಗೊತ್ತಾ?" ಅಂತ ತಾವೇ ಕೇಳಿ ತಾವೇ ತೋರಿಸುತ್ತಿದ್ದಾರೆ.

ಮೊದಲ ರನ್ ಆಯಿತು. ಕೋನು ಬೀಳಲಿಲ್ಲ. ಪರವಾಗಿಲ್ಲ.

11 ಗಂಟೆ ಇರಬಹುದು

ಅಬ್ಬಬ್ಬಾ! ಡಾಕ್ಟ್ರ ಚಕ್ರವರ್ತಿ ಕಾರು ಸ್ಟಾರ್ಟ್ ಲೈನಿನಲ್ಲೇ ಹೊಗೆ ಕಾರಿ ನಿಂತಿತು. ಹೊಸದಾಗಿ ಹಾಕಿಸಿದ ಯಾವುದೋ ಪೈಪು ಕಿತ್ತುಬಂದಿದೆಯಂತೆ. ಹೆಲ್ಮೆಟ್ ಕಂಕುಳಲ್ಲಿ ಹಿಡಿದು ಬಂದರು.

"ಮೇಡಂ... ನಿಮ್ಮ ಕಾರಲ್ಲಿ ಓಡಿಸ್ಲಾ?"

ಒಂದೇ ಕಾರನ್ನು ಇಬ್ಬರು ಹಂಚಿಕೊಂಡು ಓಡಿಸಬಹುದು, ನಿಯಮದಲ್ಲಿದೆ. "ಅಲ್ಲಾಡೋ ಹಲ್ಲು ಡಾಕ್ಟ್ರೇ, ಪರವಾಗಿಲ್ವಾ?" ಅಂದೆ. ನಕ್ಕರು. ಮುಖ ಕೆಂಪು ಮಾಡಿಕೊಂಡೇ ನಕ್ಕರು. ಕೀ ಕೊಟ್ಟೆ.

12.30

ಡಾಕ್ಟ್ರ ಎರಡು ರನ್, ನನ್ನ ಎರಡು ರನ್. ಒಂದೇ ಕಾರು, ಅದೇ ಸ್ಪ್ರಿಂಗು, ಅದೇ ಗಾಳಿ. ಬೋರ್ಡಿನಲ್ಲಿ ನಾನು ಮೇಲೆ, ಅವರು ಕೆಳಗೆ!

ನಾನು ಮೇಲೆ!!

ಡಾಕ್ಟ್ರು ಇಳಿದು ಬಂದು, "ಇದು ಹೇಗೆ ತಿರುಗಿಸ್ತೀರಿ ನೀವು? ನನಗೆ ಆಕ್ಸಿಲರೇಟರ್ ಒತ್ತಿದ್ರೆ ಓಡುತ್ತೆ ಅನ್ನೋದೊಂದೇ ಗೊತ್ತು" ಅಂದರು. ಒಳ್ಳೆಯವರು. ಬಾಯಿ ಒಂದು ಸಡಿಲ, ಅಷ್ಟೇ.

ಒಟ್ಟು ಲೆಕ್ಕದಲ್ಲಿ ನನ್ನ ಕ್ಲಾಸಿಗೆ ನಾಲ್ಕನೆಯವಳು. ಬಹುಮಾನ ಮೂವರಿಗೆ. ಅತ್ತೆ ಕೇಳಿದರು, "ನಾಲ್ಕನೆಯವರಿಗೆ ಏನೂ ಇಲ್ವಾ?" ಇಲ್ಲ ಅಂದೆ. "ಹಾಗಾದ್ರೆ ಮನೇಲಿ ನಾನು ಕೊಡ್ತೀನಿ ಬಿಡು" ಅಂದರು.

ಪ್ರಾಂಪ್ಟರ್ ಸದ್ದಿಲ್ಲ. ಎದ್ದು ಹೋಗಿದ್ದಾನೆ. ಹೆಲ್ಮೆಟ್ ಯಾರಿಗೂ ಕೊಡುವುದಿಲ್ಲ.

1.15

ಸ್ಪರ್ಧೆ ಮುಗಿಯಿತು. ಈಗ ಖುಷಿಗೆ ಓಡಿಸುವ ಹೊತ್ತು, ಯಾರು ಬೇಕಾದರೂ ಯಾರ ಕಾರು ಬೇಕಾದರೂ. ಈ ಸಲ ನಾನೇ ಹೋಗಿ ಮೇಷ್ಟ್ರ ಮುಂದೆ ಕೀ ಹಿಡಿದೆ.

"ಡಾಕ್ಟ್ರನ್ನ ಸೋಲಿಸಿದ್ದೀನಿ ಮೇಷ್ಟ್ರೇ. ಈಗ ನೀವು."

ಹೋದರು. ಮದುವೆ ಮನೆಗೆ ಹೊರಟವರ ಹಾಗಲ್ಲ, ಮುಹೂರ್ತ ತಪ್ಪಿಹೋಗುತ್ತದೆ ಅನ್ನುವವರ ಹಾಗೆ. ಕೊನೆಯ ತಿರುವಿನಲ್ಲಿ ಟಯರು ಕಿರುಚಿತು. ಮೇಷ್ಟ್ರ ಕೈಯಲ್ಲಿ ಟಯರು ಕಿರುಚಿದ್ದು ಕ್ಲಬ್ಬಿನಲ್ಲಿ ಯಾರೂ ಕೇಳಿಲ್ಲವಂತೆ! ಎಲ್ಲರೂ ಎದ್ದು ನಿಂತರು. ಅತ್ತೆಯೂ, ಇವರ ಭುಜ ಹಿಡಿದು.

ಬೋರ್ಡು ಬಂತು. ಮೇಷ್ಟ್ರು ಮುಂದೆ. ಆದರೆ ಎಷ್ಟು? ಅರ್ಧ ಸೆಕೆಂಡು ಕೂಡ ಇಲ್ಲ. ಕಣ್ಣು ಮಿಟುಕಿಸಿ ತೆರೆಯುವಷ್ಟು.

ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡರು. ಬೆವರು! "ಇನ್ನೂ ಇಲ್ಲಮ್ಮ" ಅಂದರು. "ಆದ್ರೆ ಮುಂದಿನ ಸೀಸನ್ನಿಗೆ ನಾನು ಪ್ರಾಕ್ಟೀಸ್ ಮಾಡ್ಬೇಕಾಗುತ್ತೆ."

ಸ್ಪ್ರಿಂಗ್ ಹಾಕಿಸುವ ದಿನ ನಿಗದಿಯಾಯಿತು. ಮೇಷ್ಟ್ರನ್ನು ನನ್ನ ಕಾರಿನಲ್ಲಿ ಸೋಲಿಸಿದ ಮಾರನೆಯ ದಿನ. ಅದು ಜೂನೋ, ಮುಂದಿನ ವರ್ಷವೋ...

ಇವರು ದೂರದಿಂದ ಕೈ ಬೀಸುತ್ತಿದ್ದಾರೆ. ಏನೋ ಕೂಗುತ್ತಿದ್ದಾರೆ. ಇವರ ದನಿ ಯಾವತ್ತೂ ಕೇಳಿಸುವುದಿಲ್ಲ. ಏನು? ಕೋನು ಎತ್ತುವ ಮುಂಚೆ ಇನ್ನೊಂದು ಸುತ್ತಿಗೆ ಹೊತ್ತಿದೆಯಾ? ಒಬ್ಬರಿಗೆ ಮಾತ್ರವಾ? ಹೆಲ್ಮೆಟ್ ಎಲ್ಲಿ... ತಲೆಯ ಮೇಲೇ ಇದೆ. ಕೀ ಮೇಷ್ಟ್ರ ಕೈಯಲ್ಲಿ. ಮೇಷ್ಟ್ರೇ, ಕೀ ಎಸೀರಿ! ರೀ, ಗಾಳಿ ಒಂದ್ಸಲ ನೋ—